ವಿಲೀನದ ಉಳಿತಾಯ ಯಾರ ಖಾತೆಗೆ ಜಮೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕರ್ನಾಟಕದ ಗಡಿಯತ್ತ ಹೋಗುವ ರಸ್ತೆಯ ಬದಿಯಲ್ಲಿರುವ ನಮ್ಮ ಸಣ್ಣ ಪೇಟೆಯಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಒಂದು ಬ್ಯಾಂಕ್ ಶಾಖೆಯಿತ್ತು. ಆ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ಮೊದಲು ಬೋರ್ಡಿನ ಬಣ್ಣ ಬದಲಾಯಿತು. ಆ ಬಳಿಕ ಒಂಬತ್ತು ಕಿಲೋಮೀಟರ್ ಆಚೆಯ ದೊಡ್ಡ ಪೇಟೆಯಲ್ಲಿ ಅದೇ ಬ್ಯಾಂಕಿನ ಶಾಖೆ ಇರುವಾಗ ಇಲ್ಲಿ ಇನ್ನೊಂದು ಬೇಕಿಲ್ಲವೆಂದು ಯಾರೋ ಎಲ್ಲೋ ತೀರ್ಮಾನಿಸಿದರು. ಒಂದು ಶನಿವಾರ ಕಂಪ್ಯೂಟರು, ಕೌಂಟರು, ನೋಟೆಣಿಸುವ ಯಂತ್ರಗಳೆಲ್ಲ ಲಾರಿ ಹತ್ತಿದವು. ಉಳಿದದ್ದು ಸ್ಟ್ರಾಂಗ್ ರೂಮು ಮಾತ್ರ. ಒಂದಡಿಗಿಂತ ದಪ್ಪದ ಕಾಂಕ್ರೀಟು ಗೋಡೆ, ಬೀಗ ಹಾಕಿದರೆ ಹತ್ತು ಜನ ಸೇರಿ ನೂಕಿದರೂ ಅಲುಗದ ಕಬ್ಬಿಣದ ಬಾಗಿಲು. ಅದನ್ನು ಕಿತ್ತು ಸಾಗಿಸುವ ಖರ್ಚು ಅದರ ಬೆಲೆಗಿಂತ ಹೆಚ್ಚಾಗುತ್ತದೆಂದು ಬ್ಯಾಂಕಿನವರು ಬಿಟ್ಟುಹೋದರಂತೆ. ಕಟ್ಟಡದ ಯಜಮಾನರು ಈಗ ಅದರೊಳಗೆ ಚಾಲಿ ಅಡಕೆಯ ಗೋಣಿಗಳನ್ನು ಅಟ್ಟಿ ಇಡುತ್ತಾರೆ.

ವಿಲೀನಗಳಿಂದ ಖರ್ಚು ಉಳಿಯುತ್ತದೆ, ದಕ್ಷತೆ ಹೆಚ್ಚುತ್ತದೆ ಎಂಬ ಮಾತನ್ನು ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಓದಿದಾಗಲೆಲ್ಲ ನನಗೆ ಆ ಕಬ್ಬಿಣದ ಬಾಗಿಲು ಕಣ್ಣ ಮುಂದೆ ಬರುತ್ತದೆ. ಆ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಉಳಿತಾಯ ಎಂಬ ಒಂದೇ ಪದದ ಅಡಿಯಲ್ಲಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ ಎನ್ನುವುದಷ್ಟೇ ನನ್ನ ತಕರಾರು. ಕೆಲವು ಖರ್ಚುಗಳು ವಿಲೀನದಿಂದ ನಿಜಕ್ಕೂ ಇಲ್ಲವಾಗುತ್ತವೆ. ಇನ್ನು ಕೆಲವು ಕಂಪನಿಯ ಲೆಕ್ಕಪುಸ್ತಕದಿಂದ ಹೊರಟು ಗಿರಾಕಿಯ ಜೇಬಿಗೆ, ನೌಕರನ ಮನೆಗೆ ಅಥವಾ ಸರಕಾರದ ಬೊಕ್ಕಸಕ್ಕೆ ವರ್ಗವಾಗುತ್ತವೆ. ಲಾಭನಷ್ಟದ ತಖ್ತೆಯಲ್ಲಿ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ.

ಕಾಸರಗೋಡಿನವರಿಗೆ ಈ ವಿಷಯ ಉಳಿದ ಕಡೆಗಳಿಗಿಂತ ಹೆಚ್ಚು ಹತ್ತಿರದ್ದು. 1956ರ ನವೆಂಬರ್ 1ರವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು, ಮತ್ತು ಆ ಜಿಲ್ಲೆ ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಬ್ಯಾಂಕುಗಳನ್ನು ಹೆತ್ತಷ್ಟು ದೇಶದ ಬೇರೆ ಜಿಲ್ಲೆಗಳು ಹೆತ್ತದ್ದು ಅಪರೂಪ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ರಾಜ್ಯದ ಗಡಿ ತಲಪಾಡಿಗೆ ಬಂದರೂ ಇವುಗಳ ಪಾಸ್‌ಬುಕ್ಕು ನಮ್ಮ ಮನೆಗಳ ಕಪಾಟಿನಲ್ಲಿ ಹಾಗೆಯೇ ಉಳಿದಿತ್ತು. ಈಗ ಆ ಐದರಲ್ಲಿ ಎರಡು ಹೆಸರು ಮಾತ್ರ ಉಳಿದಿವೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ದೇನಾ ಬ್ಯಾಂಕಿನೊಡನೆ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಸರಿಯಾಗಿ ಒಂದು ವರ್ಷದ ಬಳಿಕ, ಲಾಕ್‌ಡೌನಿನ ನಡುವೆ, ಸಿಂಡಿಕೇಟ್ ಕೆನರಾದೊಳಗೂ ಕಾರ್ಪೊರೇಷನ್ ಬ್ಯಾಂಕು ಆಂಧ್ರ ಬ್ಯಾಂಕಿನೊಡನೆ ಯೂನಿಯನ್ ಬ್ಯಾಂಕಿನೊಳಗೂ ಸೇರಿಹೋದವು. ಅದಕ್ಕೂ ಮೊದಲು, 2017ರಲ್ಲಿ, ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ಮತ್ತು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸೇರಿದಂತೆ ಐದು ಸಹವರ್ತಿ ಬ್ಯಾಂಕುಗಳು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕರಗಿದ್ದವು. 2017ರಲ್ಲಿ 27 ಇದ್ದ ಸಾರ್ವಜನಿಕ ವಲಯದ ಬ್ಯಾಂಕುಗಳು 2020ರಲ್ಲಿ 12ಕ್ಕೆ ಇಳಿದವು.

ಇಷ್ಟೆಲ್ಲ ಏಕೆ ಮಾಡಿದರು ಎಂಬುದಕ್ಕೆ ಸರಕಾರ ಕೊಟ್ಟ ಉತ್ತರ ತಳ್ಳಿಹಾಕುವಂಥದ್ದಲ್ಲ. ಬ್ಯಾಂಕು ಸಣ್ಣದಾಗಲಿ ದೊಡ್ಡದಾಗಲಿ ಕೆಲವು ಖರ್ಚುಗಳು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಕೋರ್ ಬ್ಯಾಂಕಿಂಗ್ ತಂತ್ರಾಂಶ, ದತ್ತಾಂಶ ಕೇಂದ್ರ, ಸೈಬರ್ ಭದ್ರತೆ, ರಿಸರ್ವ್ ಬ್ಯಾಂಕಿಗೆ ಸಲ್ಲಿಸಬೇಕಾದ ವರದಿಗಳು, ಖಜಾನೆ ವಿಭಾಗ, ಆಡಳಿತ ಮಂಡಳಿ, ಪ್ರಧಾನ ಕಚೇರಿ ಇವುಗಳಿಗೆ ಎರಡು ಸಾವಿರ ಶಾಖೆಗಳ ಬ್ಯಾಂಕು ಮಾಡುವ ವೆಚ್ಚದ ಐದು ಪಟ್ಟನ್ನು ಹತ್ತು ಸಾವಿರ ಶಾಖೆಗಳ ಬ್ಯಾಂಕು ಮಾಡಬೇಕಾಗಿಲ್ಲ. ಹೀಗೆ ಉಳಿದ ಹಣ ನಿಜವಾದ ಉಳಿತಾಯವೇ ಸರಿ. ಮೊದಲು ಇಬ್ಬರು ಪ್ರತ್ಯೇಕವಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಒಬ್ಬರೇ ಮಾಡುತ್ತಾರೆ ಮತ್ತು ಅದರಿಂದ ಬೇರೆ ಯಾರ ಹೆಗಲಿಗೂ ಭಾರ ಏರುವುದಿಲ್ಲ. 2019ರ ಆಗಸ್ಟ್ 30ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹತ್ತು ಬ್ಯಾಂಕುಗಳನ್ನು ನಾಲ್ಕಾಗಿಸುವ ಯೋಜನೆಯನ್ನು ಪ್ರಕಟಿಸಿದಾಗ, ಯಾವ ಬ್ಯಾಂಕನ್ನು ಯಾವುದರೊಡನೆ ಜೋಡಿಸಬೇಕೆಂಬುದಕ್ಕೆ ಕೊಟ್ಟ ಕಾರಣಗಳಲ್ಲಿ ತಂತ್ರಾಂಶವೂ ಒಂದಾಗಿತ್ತು. ಕೆನರಾ ಮತ್ತು ಸಿಂಡಿಕೇಟ್ ಎರಡೂ ಒಂದೇ ಕಂಪನಿಯ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯನ್ನು ಬಳಸುತ್ತಿದ್ದುದರಿಂದ ಖಾತೆಗಳ ವರ್ಗಾವಣೆ ಸುಲಭವಾಗುತ್ತದೆಂಬುದು ಆ ತರ್ಕ. ಬೇರೆ ಬೇರೆ ವ್ಯವಸ್ಥೆಗಳನ್ನು ಬೆಸೆಯುವುದು ಎಷ್ಟು ದುಬಾರಿ ಎಂದು ಬಲ್ಲವರಿಗೆ ಈ ಎಚ್ಚರಿಕೆ ಮೆಚ್ಚುಗೆಯಾಗುತ್ತದೆ. ಬ್ಯಾಂಕ್ ಆಫ್ ಬರೋಡಾದ ತ್ರಿವಳಿ ವಿಲೀನದಲ್ಲಿ ಎಲ್ಲ ಶಾಖೆಗಳ ಗಣಕ ಜೋಡಣೆ ಮುಗಿಯುವಾಗ 2020ರ ಡಿಸೆಂಬರ್ ಬಂದಿತ್ತು. ಅಂದರೆ ಕಾಗದದ ಮೇಲೆ ವಿಲೀನವಾಗಿ ಇಪ್ಪತ್ತು ತಿಂಗಳುಗಳು.

ಅದೇ ಪ್ರಕಟಣೆಯಲ್ಲಿ ಕೆನರಾ-ಸಿಂಡಿಕೇಟ್ ಜೋಡಿಯ ಬಗ್ಗೆ ಇನ್ನೊಂದು ಮಾತೂ ಇತ್ತು. ಎರಡರ ಶಾಖಾ ಜಾಲಗಳು ಒಂದರ ಮೇಲೊಂದು ಬಿದ್ದಿರುವುದರಿಂದ ವೆಚ್ಚ ಇಳಿಸಲು ಹೆಚ್ಚಿನ ಅವಕಾಶವಿದೆ ಎಂಬುದು ಅದರ ತಾತ್ಪರ್ಯ. ಅವೆರಡರ ಶಾಖೆಗಳನ್ನು ಕೂಡಿಸಿದರೆ 10,342 ಎಂದು ಆಗ ಲೆಕ್ಕ ಕೊಡಲಾಗಿತ್ತು. ಕೆಲವೇ ವರ್ಷಗಳಲ್ಲಿ ಕೆನರಾದ ಶಾಖೆಗಳ ಸಂಖ್ಯೆ ಹತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಇನ್ನೊಂದೆಡೆ, ವಿಲೀನದಿಂದ ಯಾರ ಕೆಲಸವೂ ಹೋಗುವುದಿಲ್ಲವೆಂದು ಸಚಿವೆ ಭರವಸೆ ಕೊಟ್ಟಿದ್ದರು. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಉಳಿತಾಯ ಯಾವ ದಾರಿಯಿಂದ ಬರಬೇಕಿತ್ತೆಂಬುದು ತಿಳಿಯುತ್ತದೆ. ಬ್ಯಾಂಕೊಂದರ ನಿರ್ವಹಣಾ ವೆಚ್ಚದ ದೊಡ್ಡ ಪಾಲು ಸಂಬಳ ಮತ್ತು ಪಿಂಚಣಿ. ಅದನ್ನು ಕೂಡಲೇ ಇಳಿಸುವ ಹಾಗಿಲ್ಲ. ನಿವೃತ್ತರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದೆ ನಿಧಾನಕ್ಕೆ ಇಳಿಯಲು ಬಿಡಬೇಕು. ಪ್ರಧಾನ ಕಚೇರಿ, ವಲಯ ಕಚೇರಿಗಳನ್ನು ಮುಚ್ಚಿದ ಮೇಲೆ ತಕ್ಷಣ ಕೈಗೆ ಸಿಗುವುದು ಶಾಖೆಗಳ ಬಾಡಿಗೆ, ವಿದ್ಯುತ್ತು, ಕಾವಲು, ನಗದು ಸಾಗಣೆ ಇಂತಹ ಚಿಲ್ಲರೆ ಖರ್ಚುಗಳೇ.

ಆ ಚಿಲ್ಲರೆ ಖರ್ಚನ್ನು ಹತ್ತಿರದಿಂದ ನೋಡೋಣ. ಮುಂದಿನ ಅಂಕಿಗಳು ಯಾವ ಬ್ಯಾಂಕಿನವೂ ಅಲ್ಲ, ಲೆಕ್ಕ ಬಿಡಿಸಲೆಂದು ನಾನೇ ಇಟ್ಟುಕೊಂಡವು. ನಮ್ಮ ಪೇಟೆಯಂತಹ ಕಡೆಯ ಶಾಖೆಯೊಂದನ್ನು ಮುಚ್ಚಿದರೆ ಬ್ಯಾಂಕಿಗೆ ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ಉಳಿಯಿತೆಂದು ಇಟ್ಟುಕೊಳ್ಳೋಣ. ಆ ಶಾಖೆಗೆ ತಿಂಗಳಿಗೊಮ್ಮೆಯಾದರೂ ಬರುತ್ತಿದ್ದವರು 1,500 ಮಂದಿ. ಅವರು ಈಗ ಒಂಬತ್ತು ಕಿಲೋಮೀಟರ್ ದೂರ ಹೋಗಬೇಕು. ಹೋಗಿಬರುವ ಬಸ್ಸಿಗೆ 40 ರೂಪಾಯಿ ಎಂದರೆ ಒಟ್ಟು 60,000. ಅವರಲ್ಲಿ ಕಾಲು ಭಾಗದಷ್ಟು ಜನ, ಅಂದರೆ 375 ಮಂದಿ, ಅರ್ಧ ದಿನದ ಕೂಲಿಯನ್ನು ಕಳೆದುಕೊಳ್ಳುತ್ತಾರೆ. ಅರ್ಧ ದಿನಕ್ಕೆ 400 ರೂಪಾಯಿಯಂತೆ ಅದು 1,50,000. ಎರಡನ್ನೂ ಕೂಡಿಸಿದರೆ ಊರಿಗೆ ತಿಂಗಳಿಗೆ 2,10,000 ರೂಪಾಯಿಯ ನಷ್ಟ. ಬ್ಯಾಂಕಿನ ಪುಸ್ತಕದಲ್ಲಿ ಒಂದೂವರೆ ಲಕ್ಷದ ಉಳಿತಾಯ ಕಾಣುತ್ತದೆ, ಊರಿನವರ ಎರಡು ಲಕ್ಷದ ಹತ್ತು ಸಾವಿರ ಯಾವ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಒಂದೇ ರಸ್ತೆಯಲ್ಲಿ ಎದುರುಬದುರಾಗಿದ್ದ ಎರಡು ಶಾಖೆಗಳನ್ನು ಕೂಡಿಸಿದ್ದರೆ ಈ ನಷ್ಟ ಇರುತ್ತಿರಲಿಲ್ಲ. ಕಾಸರಗೋಡು, ಮಂಗಳೂರು, ಉಡುಪಿ ಪೇಟೆಗಳಲ್ಲಿ ಅಂಥವು ಬೇಕಾದಷ್ಟಿದ್ದವು, ಅವುಗಳನ್ನು ಕೂಡಿಸಿದ್ದು ಸರಿಯೇ. ಭೂಪಟದ ಮೇಲೆ ಒಂಬತ್ತು ಕಿಲೋಮೀಟರ್ ಎಂದರೆ ಒಂದು ಬೆರಳಿನಗಲವೂ ಇಲ್ಲ. ಗುಡ್ಡ ಹತ್ತಿ ಇಳಿಯುವ ರಸ್ತೆಯಲ್ಲಿ, ಗಂಟೆಗೊಂದು ಬಸ್ಸಿಗೆ ಕಾಯುವ ಎಪ್ಪತ್ತರ ಹೆಂಗಸಿಗೆ ಅದೊಂದು ದಿನದ ಕೆಲಸ.

ಈಗ ಯುಪಿಐ ಇದೆಯಲ್ಲ, ಶಾಖೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಹಣ ಕಳುಹಿಸುವುದಕ್ಕೆ, ಪಡೆಯುವುದಕ್ಕೆ ಬೇಡ, ಒಪ್ಪುತ್ತೇನೆ. ಆದರೆ ಚಿನ್ನ ಅಡವಿಡಲು ಬೇಕು. ಅಪ್ರೈಸರು ಕಲ್ಲಿನ ಮೇಲೆ ಉಜ್ಜಿ ನೋಡದೆ ಯಾವ ಆ್ಯಪೂ ಸಾಲ ಕೊಡುವುದಿಲ್ಲ. ತೀರಿಹೋದ ಗಂಡನ ಖಾತೆಯ ಹಣ ಬಿಡಿಸಿಕೊಳ್ಳಲು ಬೇಕು. ಬೆಳೆ ಸಾಲವನ್ನು ಹೊಸದು ಮಾಡಲು ಬೇಕು. ನವೆಂಬರ್ ತಿಂಗಳಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ತೋರಿಸಲು ಬೇಕು. ಮೊಬೈಲಿನಲ್ಲಿಯೂ ತೋರಿಸಬಹುದು ನಿಜ, ಆದರೆ ಬೆರಳಿನ ಗೆರೆ ಸವೆದ ಕೃಷಿಕರನ್ನು ಯಂತ್ರ ಸುಲಭಕ್ಕೆ ಗುರುತಿಸುವುದಿಲ್ಲ.

ಇನ್ನು ಭಾಷೆ. ಗಿರಾಕಿಗಳಿಗೆ ಕೊಡುವ ಅರ್ಜಿ, ಚಲನುಗಳು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆಯಲ್ಲಿ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಪ್ರಾದೇಶಿಕ ಭಾಷೆ ಎಂದರೆ ರೂಢಿಯಲ್ಲಿ ರಾಜ್ಯದ ಭಾಷೆ, ಆದುದರಿಂದ ಇಲ್ಲಿ ಮಲಯಾಳ. ಕಾಸರಗೋಡಿನ ಕನ್ನಡಿಗ ಈ ನಿಯಮದ ಬಿರುಕಿನಲ್ಲಿ ಬೀಳುತ್ತಾನೆ. ಮಣಿಪಾಲದಲ್ಲೋ ಮಂಗಳೂರಿನಲ್ಲೋ ಪ್ರಧಾನ ಕಚೇರಿಯಿದ್ದ ಬ್ಯಾಂಕುಗಳಲ್ಲಿ ಈ ಬಿರುಕು ಅಷ್ಟಾಗಿ ಕಾಣುತ್ತಿರಲಿಲ್ಲ. ನಮ್ಮ ಶಾಖೆಯಲ್ಲಿ ಪುತ್ತೂರಿನ ಕಡೆಯಿಂದ ಬಂದ ಕನ್ನಡ ಚಲನುಗಳ ಕಟ್ಟೊಂದು ಯಾವಾಗಲೂ ಮೇಜಿನ ಮೇಲಿರುತ್ತಿತ್ತು, ಕೌಂಟರಿನ ಹಿಂದೆ ತುಳುವೋ ಕನ್ನಡವೋ ಬಲ್ಲ ಒಬ್ಬರಾದರೂ ಇರುತ್ತಿದ್ದರು. ಯಾವ ಆದೇಶದಿಂದಲೂ ಬಂದ ಸೌಲಭ್ಯವಲ್ಲ ಅದು, ಹೀಗೇ ಒದಗಿದ್ದು. ಆದ್ದರಿಂದಲೇ ವಿಲೀನದ ಯೋಜನೆಯಲ್ಲಿ ಅದಕ್ಕೊಂದು ಸಾಲು ಇರಲಿಲ್ಲ, ಅದು ಹೋದಾಗ ದೂರು ಕೊಡಲು ಒಂದು ನಿಯಮವೂ ಇರಲಿಲ್ಲ. ನಾನು ಕಂಡ ಒಂದು ಸಂದರ್ಭದಲ್ಲಿ, ದೂರದ ರಾಜ್ಯದಿಂದ ಬಂದ ತರುಣ ಅಧಿಕಾರಿ ಮತ್ತು ಮಲಯಾಳ ಓದಲು ಬಾರದ ಹಿರಿಯರೊಬ್ಬರ ನಡುವೆ ಠೇವಣಿ ಅರ್ಜಿಯೊಂದು ಮೂರು ಸಲ ಹೋಗಿ ಬಂತು. ಕೊನೆಗೆ ಸಾಲಿನಲ್ಲಿ ಹಿಂದೆ ನಿಂತಿದ್ದ ಕಾಲೇಜು ಹುಡುಗಿ, “ಕೊಡಿ ಅಜ್ಜ, ನಾನು ಬರೆದು ಕೊಡ್ತೇನೆ” ಎಂದು ತುಂಬಿಸಿಕೊಟ್ಟಳು. ಅಧಿಕಾರಿಯ ತಪ್ಪೇನೂ ಇರಲಿಲ್ಲ, ಆತ ತಾಳ್ಮೆಯಿಂದಲೇ ಇದ್ದ. ಆದರೆ ಮೊದಲು ಬ್ಯಾಂಕಿನ ಗುಮಾಸ್ತರು ಸಂಬಳ ಪಡೆದು ಮಾಡುತ್ತಿದ್ದ ಕೆಲಸವನ್ನು ಆ ದಿನ ಹುಡುಗಿ ಪುಕ್ಕಟೆ ಮಾಡಿದಳು. ವೆಚ್ಚದ ವರ್ಗಾವಣೆಗೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಪಿಗ್ಮಿಯನ್ನು ಇಲ್ಲಿ ನೆನೆಯದಿರಲಾರೆ. 1928ರಲ್ಲಿ ಸಿಂಡಿಕೇಟ್‌ನವರು ಆರಂಭಿಸಿದ ಆ ಯೋಜನೆಯಲ್ಲಿ ಬ್ಯಾಂಕಿನ ಏಜೆಂಟರು ದಿನಾ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ವಸೂಲು ಮಾಡುತ್ತಿದ್ದರು. ಇಂದಿನ ದಕ್ಷತೆಯ ಅಳತೆಗೋಲಿನಲ್ಲಿ ಅದಕ್ಕಿಂತ ದುಬಾರಿ ವಸೂಲಿ ವಿಧಾನ ಇನ್ನೊಂದಿಲ್ಲ. ಆದರೆ ಬೀಡಿ ಕಟ್ಟುವವರು, ಮೀನು ಮಾರುವವರು, ಗೂಡಂಗಡಿಯವರು ಬ್ಯಾಂಕಿಗೆ ಬಂದದ್ದು, ಬ್ಯಾಂಕಿಗೆ ನಂಬಿಕಸ್ಥ ಠೇವಣಿ ದೊರಕಿದ್ದು ಆ ದುಬಾರಿ ದಾರಿಯಿಂದಲೇ. ಖರ್ಚಿನ ಪಟ್ಟಿಯಲ್ಲಿ ಕಾಣುವ ಸಂಗತಿಯೊಂದು ಆದಾಯದ ಬೇರೂ ಆಗಿರಬಹುದೆಂಬುದನ್ನು ವಿಲೀನದ ಸಲಹೆಗಾರರ ತಖ್ತೆಗಳು ಹಿಡಿಯುವುದು ಕಡಿಮೆ.

ಕೊಲ್ಲಿ ನಾಡುಗಳಲ್ಲಿರುವ ನಮ್ಮವರಿಗೆ ತಟ್ಟಿದ್ದು ಇನ್ನೊಂದು ಬಗೆಯ ಖರ್ಚು. ಹಣ ಯಾವ ಶಾಖೆಗೆ ಹೋಗಬೇಕೆಂದು ತಿಳಿಸುವ ಐಎಫ್‌ಎಸ್‌ಸಿ ಸಂಕೇತಗಳು ವಿಲೀನವಾದ ಬ್ಯಾಂಕುಗಳಲ್ಲಿ ಬದಲಾದವು. ವಿಜಯಾ ಬ್ಯಾಂಕಿನ ಹಳೆಯ ಸಂಕೇತಗಳು 2021ರ ಮಾರ್ಚ್ 1ರಿಂದ, ಸಿಂಡಿಕೇಟ್‌ನವು ಅದೇ ವರ್ಷದ ಜುಲೈ 1ರಿಂದ ನಡೆಯದಾದವು. ಶಾರ್ಜಾದಿಂದ ತಿಂಗಳ ಮೊದಲ ವಾರ ಮನೆಗೆ ಹಣ ಹಾಕುವ ನನ್ನ ನೆರೆಯ ಹುಡುಗನೊಬ್ಬನ ಹಣ ಹಾಗೆ ಹಿಂದಕ್ಕೆ ಹೋಗಿ, ವಿನಿಮಯ ಕೇಂದ್ರದ ಶುಲ್ಕ ಎರಡು ಸಲ ಕೊಡಬೇಕಾಗಿ ಬಂತು. ಚೆಕ್ ಪುಸ್ತಕ, ವಿಮೆಯ ಕಂತು, ಸಾಲದ ಕಂತು, ಹಾಲಿನ ಸೊಸೈಟಿಯ ಪಾವತಿ, ಅಡುಗೆ ಅನಿಲದ ಸಹಾಯಧನ, ಹೀಗೆ ಪ್ರತಿಯೊಂದು ಕಡೆಗೂ ಹೊಸ ಸಂಕೇತ ಕೊಡುವ ಕೆಲಸ ಕೋಟಿಗಟ್ಟಲೆ ಖಾತೆದಾರರ ಪಾಲಿಗೆ ಬಂತು. ಒಬ್ಬೊಬ್ಬರಿಗೆ ಒಂದೆರಡು ಗಂಟೆಯ ಕೆಲಸ, ದೊಡ್ಡದೇನಲ್ಲ. ಕೋಟಿಯಿಂದ ಗುಣಿಸಿದಾಗಲೇ ಅದರ ಗಾತ್ರ ತಿಳಿಯುವುದು.

ಇಷ್ಟಾಗಿಯೂ ವಿಲೀನಗೊಂಡ ಬ್ಯಾಂಕುಗಳು ಈಗ ಚೆನ್ನಾಗಿಯೇ ಇವೆಯಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಚೆನ್ನಾಗಿವೆ. 2019-20ರಲ್ಲಿ ಎರಡು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ನಷ್ಟದಲ್ಲಿದ್ದ ಕೆನರಾ ಬ್ಯಾಂಕು 2024-25ರಲ್ಲಿ 17,027 ಕೋಟಿ ರೂಪಾಯಿಯ ನಿವ್ವಳ ಲಾಭ ಗಳಿಸಿತು. ಆದರೆ ಈ ಐದು ವರ್ಷಗಳಲ್ಲಿ ದೇಶದ ಬ್ಯಾಂಕುಗಳಿಗೆಲ್ಲ ಒಂದೇ ಸುಗ್ಗಿ. ಹಳೆಯ ವಸೂಲಾಗದ ಸಾಲಗಳಿಗೆ ತೆಗೆದಿಡಬೇಕಾದ ಹಣ ಕಡಿಮೆಯಾಯಿತು, ದಿವಾಳಿ ಕಾಯಿದೆಯಿಂದ ಒಂದಿಷ್ಟು ವಸೂಲಾಯಿತು, ಬಡ್ಡಿಯ ಅಂತರ ಹಿಗ್ಗಿತು. ಯಾರೊಡನೆಯೂ ವಿಲೀನವಾಗದ ಬ್ಯಾಂಕುಗಳೂ ಇದೇ ಅವಧಿಯಲ್ಲಿ ಚೇತರಿಸಿಕೊಂಡವು. ಮಳೆ ಚೆನ್ನಾಗಿ ಬಂದ ವರ್ಷ ಹೊಸ ಗೊಬ್ಬರ ಹಾಕಿದವನು ಫಸಲೆಲ್ಲ ಗೊಬ್ಬರದ್ದೇ ಎಂದರೆ ಹೇಗೋ ಹಾಗೆ, ಲಾಭವೆಲ್ಲ ವಿಲೀನದ್ದೇ ಎನ್ನುವುದೂ ಅವಸರದ ಮಾತು. ವಿಲೀನದ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಬಿಡಿಸಿ ತೋರಿಸುವ ಹೊಣೆ ವಿಲೀನ ಮಾಡಿದವರದು.

ಉಳಿತಾಯದ ಭರವಸೆ ಮತ್ತು ಫಲದ ನಡುವಿನ ಅಂತರಕ್ಕೆ ನಮ್ಮ ದೇಶದ ಅತಿ ಪ್ರಸಿದ್ಧ ಉದಾಹರಣೆ ಏರ್ ಇಂಡಿಯಾ. 2007ರ ಆಗಸ್ಟಿನಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದಾಗ ವರ್ಷಕ್ಕೆ ಸುಮಾರು 600 ಕೋಟಿ ರೂಪಾಯಿಯ ಪ್ರಯೋಜನವಾಗುತ್ತದೆಂಬ ಲೆಕ್ಕವಿತ್ತು. 2007-08ರಲ್ಲಿ ಒಂದಾದ ಸಂಸ್ಥೆಯ ನಷ್ಟ 2,226 ಕೋಟಿ, ಮರುವರ್ಷ 5,548 ಕೋಟಿ. ಇಂಧನದ ಬೆಲೆ, ಜಾಗತಿಕ ಹಿಂಜರಿತ, ವಿಮಾನ ಖರೀದಿಯ ಸಾಲ ಎಲ್ಲವೂ ಇದರಲ್ಲಿ ಸೇರಿತ್ತೆಂಬುದು ನಿಜ. ಆದರೆ ಮಹಾಲೇಖಪಾಲರ 2011ರ ವರದಿ ವಿಲೀನಕ್ಕೆ ಆರಿಸಿಕೊಂಡ ಹೊತ್ತನ್ನೂ ಅದಕ್ಕೆ ಕೊಟ್ಟ ಹಣಕಾಸಿನ ಸಮರ್ಥನೆಯನ್ನೂ ಪ್ರಶ್ನಿಸಿತು. ಕಾಗದದಲ್ಲಿ ಬಾರದಿದ್ದ ದೊಡ್ಡ ಖರ್ಚೆಂದರೆ ಮನುಷ್ಯರದು. ಎರಡು ಕಡೆಯ ಪೈಲಟ್‌ಗಳ ಸಂಬಳ ಬೇರೆ, ಬಡ್ತಿಯ ಪಟ್ಟಿ ಬೇರೆ. 2012ರಲ್ಲಿ ಹೊಸ ಡ್ರೀಮ್‌ಲೈನರ್ ವಿಮಾನಗಳ ತರಬೇತಿ ಯಾರಿಗೆ ಸಿಗಬೇಕೆಂಬ ಜಗಳದಲ್ಲಿ ಏರ್ ಇಂಡಿಯಾ ಮೂಲದ ಪೈಲಟ್‌ಗಳು 58 ದಿನ ಮುಷ್ಕರ ಹೂಡಿದರು. ಐದು ವರ್ಷಗಳ ಹಿಂದೆಯೇ ಒಂದಾದ ಕಂಪನಿ ಅದು.

ಇದು ಹಳೆಯ ಕಥೆಯೆಂದುಕೊಳ್ಳುವಷ್ಟರಲ್ಲಿ ಅದೇ ಮಾದರಿ ನಮ್ಮ ಜಿಲ್ಲೆಯವರ ಮನೆಬಾಗಿಲಿಗೆ ಬಂತು. ಮಂಗಳೂರು, ಕಣ್ಣೂರುಗಳಿಂದ ಕೊಲ್ಲಿಗೆ ಹೋಗುವ ಕಾಸರಗೋಡಿನವರಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎಂದರೆ ಊರಿನ ಬಸ್ಸಿದ್ದ ಹಾಗೆ. ಹಿಂದಿನ ಏರ್ ಏಷ್ಯಾ ಇಂಡಿಯಾವನ್ನು ಅದರೊಳಗೆ ಸೇರಿಸುವ ಕೆಲಸ ನಡೆಯುತ್ತಿದ್ದ 2024ರ ಮೇ ತಿಂಗಳಲ್ಲಿ ಕ್ಯಾಬಿನ್ ಸಿಬ್ಬಂದಿಯ ದೊಡ್ಡ ಗುಂಪೊಂದು ಸಂಬಳ, ಹುದ್ದೆ, ಸಮಾನತೆಯ ಅಸಮಾಧಾನದಿಂದ ಒಟ್ಟಿಗೆ ಅಸ್ವಸ್ಥತೆಯ ರಜೆ ಹಾಕಿತು. ನೂರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ರಜೆ ಮುಗಿದು, ವೀಸಾದ ದಿನ ಎಣಿಸುತ್ತ ಕಣ್ಣೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯ ಮೇಲೆ ಕೂತವರ ಚಿತ್ರಗಳನ್ನು ಆಗ ಎಲ್ಲರೂ ನೋಡಿದ್ದಾರೆ. ಅದೇ ವರ್ಷ ಅಕ್ಟೋಬರ್ 1ರಂದು ವಿಲೀನ ಪೂರ್ಣವಾಯಿತು.

ವೊಡಾಫೋನ್ ಐಡಿಯಾದ್ದು ಇನ್ನೂ ವಿಚಿತ್ರ. 2018ರ ಆಗಸ್ಟ್ 31ರಂದು ಎರಡೂ ಒಂದಾದಾಗ 40.8 ಕೋಟಿ ಗ್ರಾಹಕರಿದ್ದರು, ವರ್ಷಕ್ಕೆ 14,000 ಕೋಟಿ ರೂಪಾಯಿಯ ಪ್ರಯೋಜನದ ಗುರಿಯಿತ್ತು, ಅದರಲ್ಲಿ 8,400 ಕೋಟಿ ನಿರ್ವಹಣಾ ವೆಚ್ಚದ ಉಳಿತಾಯ. ಎರಡೆರಡಿದ್ದ ಗೋಪುರಗಳು ಒಂದಾದವು, ಮಳಿಗೆಗಳು ಕಡಿಮೆಯಾದವು, ನಿರ್ವಹಣಾ ಉಳಿತಾಯದ ಗುರಿ ಮುಟ್ಟಿದ್ದೇವೆಂದು ಕಂಪನಿ ಹೇಳಿಯೂ ಹೇಳಿತು. 2025ರ ಹೊತ್ತಿಗೆ ಗ್ರಾಹಕರು ಇಪ್ಪತ್ತು ಕೋಟಿಯ ಆಸುಪಾಸಿಗೆ ಬಂದಿದ್ದರು, ತನಗೆ ಬರಬೇಕಾದ ಬಾಕಿಗಳನ್ನು ಷೇರಾಗಿ ಪರಿವರ್ತಿಸಿಕೊಂಡ ಕೇಂದ್ರ ಸರಕಾರ ಸುಮಾರು 49 ಶೇಕಡಾ ಪಾಲಿನ ಒಡೆಯನಾಗಿತ್ತು. ಜಿಯೋದ ಬೆಲೆ ಸಮರ, ಸರ್ವೋಚ್ಚ ನ್ಯಾಯಾಲಯದ 2019ರ ತೀರ್ಪಿನಿಂದ ಮೇಲೆ ಬಿದ್ದ ಬಾಕಿ ಇವೇ ಮುಖ್ಯ ಕಾರಣಗಳು. ಶಸ್ತ್ರಚಿಕಿತ್ಸೆ ಯಶಸ್ವಿ, ರೋಗಿಯ ಮಾತು ಬೇರೆ ಎಂಬಂತಹ ಸ್ಥಿತಿ.

ಅರ್ಥಶಾಸ್ತ್ರದಲ್ಲಿ ಈ ಚರ್ಚೆಗೆ ಒಂದು ಹಳೆಯ ಅಡಿಪಾಯವಿದೆ. ಮುಂದೆ, 2009ರಲ್ಲಿ, ನೊಬೆಲ್ ಪಡೆದ ಆಲಿವರ್ ವಿಲಿಯಮ್ಸನ್ 1968ರಲ್ಲಿ ತೋರಿಸಿದ್ದು ಇಷ್ಟು: ವಿಲೀನದಿಂದ ಸ್ಪರ್ಧೆ ಕುಗ್ಗಿ ಬೆಲೆ ಏರಿದರೂ, ಉತ್ಪಾದನಾ ವೆಚ್ಚ ಸ್ವಲ್ಪ ಇಳಿದರೆ ಸಾಕು, ಒಟ್ಟಾರೆ ಸಮಾಜಕ್ಕೆ ಲಾಭವೇ ಆಗಬಹುದು. ಲೆಕ್ಕ ಸರಿ. ಆದರೆ ಆ ಲೆಕ್ಕದಲ್ಲಿ ಷೇರುದಾರನಿಗೆ ಬಂದ ರೂಪಾಯಿಗೂ ಗಿರಾಕಿ ಕಳೆದುಕೊಂಡ ರೂಪಾಯಿಗೂ ಒಂದೇ ಬೆಲೆ. ಆದ್ದರಿಂದಲೇ ಅನೇಕ ದೇಶಗಳ ಸ್ಪರ್ಧಾ ನಿಯಂತ್ರಕರು ದಕ್ಷತೆಯ ವಾದವನ್ನು ಒಪ್ಪಬೇಕಾದರೆ, ಆ ಉಳಿತಾಯ ವಿಲೀನವಿಲ್ಲದೆ ಸಾಧ್ಯವೇ ಇರಲಿಲ್ಲವೆಂದು, ಪರಿಶೀಲನೆಗೆ ನಿಲ್ಲುವಂಥದ್ದೆಂದು, ಗ್ರಾಹಕನಿಗೂ ತಲುಪುತ್ತದೆಂದು ತೋರಿಸಿ ಎನ್ನುತ್ತಾರೆ. ನಮ್ಮ 2002ರ ಸ್ಪರ್ಧಾ ಕಾಯಿದೆಯ 20ನೇ ಸೆಕ್ಷನ್ನೂ ವಿಲೀನದ ಪ್ರಯೋಜನ ಅದರ ಕೆಡುಕನ್ನು ಮೀರುತ್ತದೆಯೇ ಎಂದು ತೂಗಿ ನೋಡಲು ಸ್ಪರ್ಧಾ ಆಯೋಗಕ್ಕೆ ಹೇಳುತ್ತದೆ. ಕುತೂಹಲದ ಸಂಗತಿಯೆಂದರೆ, 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ರಾಷ್ಟ್ರೀಕೃತ ಬ್ಯಾಂಕುಗಳ ವಿಲೀನಗಳಿಗೆ ಈ ಪರಿಶೀಲನೆಯಿಂದ ಹತ್ತು ವರ್ಷಗಳ ವಿನಾಯಿತಿ ಕೊಟ್ಟಿತು. ಹಾಗಾಗಿ ಮಣಿಪಾಲ, ಮಂಗಳೂರುಗಳ ಬ್ಯಾಂಕುಗಳು ಕರಗುವಾಗ ಉಳಿತಾಯದ ಲೆಕ್ಕವನ್ನು ತೂಗಬೇಕಾದ ಆಯೋಗದ ಮುಂದೆ ಆ ಲೆಕ್ಕ ಬರಲೇ ಇಲ್ಲ. ವಿಜಯಾ ಬ್ಯಾಂಕು 2017-18ರಲ್ಲಿ 727 ಕೋಟಿ ಲಾಭದಲ್ಲಿತ್ತು, ಅದನ್ನೇಕೆ ಕರಗಿಸಬೇಕೆಂದು ಕರಾವಳಿಯಲ್ಲಿ ಎದ್ದ ಪ್ರಶ್ನೆ ಬೀದಿಯ ಪ್ರಶ್ನೆಯಾಗಿಯೇ ಉಳಿಯಿತು.

ಕೇರಳ ಸರಕಾರವೂ ಇದೇ ದಾರಿಯಲ್ಲಿ ನಡೆದಿದೆ. ಉತ್ತರ ಮಲಬಾರ್ ಮತ್ತು ದಕ್ಷಿಣ ಮಲಬಾರ್ ಗ್ರಾಮೀಣ ಬ್ಯಾಂಕುಗಳು 2013ರಲ್ಲಿ ಒಂದಾಗಿ ಕೇರಳ ಗ್ರಾಮೀಣ ಬ್ಯಾಂಕ್ ಆದದ್ದು ಕೇಂದ್ರದ ನೀತಿಯಿಂದ; ಆದರೆ 2019ರ ನವೆಂಬರ್‌ನಲ್ಲಿ ಕಾಸರಗೋಡಿನದೂ ಸೇರಿ ಹದಿಮೂರು ಜಿಲ್ಲಾ ಸಹಕಾರಿ ಬ್ಯಾಂಕುಗಳನ್ನು ರಾಜ್ಯ ಸಹಕಾರಿ ಬ್ಯಾಂಕಿನೊಡನೆ ಕೂಡಿಸಿ ಕೇರಳ ಬ್ಯಾಂಕ್ ಮಾಡಿದ್ದು ರಾಜ್ಯದ ಸ್ವಂತ ನಿರ್ಧಾರ. ನಡುವಿನ ಒಂದು ಹಂತ ಹೋದರೆ ಅದರ ಖರ್ಚೂ ಹೋಗುತ್ತದೆ, ಪ್ರಾಥಮಿಕ ಸಂಘಗಳಿಗೆ ಅಗ್ಗದಲ್ಲಿ ಹಣ ಸಿಗುತ್ತದೆಂಬುದು ವಾದ. ಇದರಲ್ಲಿ ನನಗೆ ಹೆಚ್ಚು ಹುರುಳು ಕಾಣುತ್ತದೆ. ಜನ ದಿನಾ ಹೋಗುವ ಊರಿನ ಸೇವಾ ಸಹಕಾರಿ ಬ್ಯಾಂಕನ್ನು ಮುಟ್ಟದೆ ಮೇಲಿನ ಹಂತಗಳನ್ನಷ್ಟೇ ಕೂಡಿಸಿದ್ದಾರೆ.

ನಮ್ಮ ಜಿಲ್ಲೆಯ ಬೇದ್ರಡ್ಕದ ಕಾರ್ಖಾನೆಯ ಕಥೆ ಕಹಿ. ಕೇರಳ ಸರಕಾರದ ಕೆಲ್ ಕಂಪನಿಯ ಅಲ್ಲಿನ ಘಟಕ ರೈಲುಗಳಿಗೆ ಬೇಕಾದ ಆಲ್ಟರ್ನೇಟರುಗಳನ್ನು ತಯಾರಿಸುತ್ತಿತ್ತು. 2011ರಲ್ಲಿ ಕೇಂದ್ರ ಸರಕಾರದ ಒಡೆತನದ ಬಿಎಚ್‌ಇಎಲ್ 51 ಶೇಕಡಾ ಪಾಲು ಪಡೆದು ಜಂಟಿ ಕಂಪನಿಯಾದಾಗ, ನವರತ್ನ ಕಂಪನಿಯ ತಂತ್ರಜ್ಞಾನ, ಬಂಡವಾಳ, ಮಾರುಕಟ್ಟೆ ಎಲ್ಲವೂ ಬರುತ್ತವೆಂದು ಜಿಲ್ಲೆ ಸಂಭ್ರಮಪಟ್ಟಿತ್ತು. ಕೈಗಾರಿಕೆಯೇ ಕಡಿಮೆಯಿರುವ ಜಿಲ್ಲೆಯಲ್ಲಿ ಅದು ಸಹಜ. ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದ ಕಾರ್ಮಿಕರ ಮುಂದೆಯೇ 2020ರಲ್ಲಿ ಬಾಗಿಲು ಮುಚ್ಚಿತು. 2021ರಲ್ಲಿ ರಾಜ್ಯ ಸರಕಾರ ಆ ಪಾಲನ್ನು ಮರಳಿ ಪಡೆದು, 2022ರ ಏಪ್ರಿಲ್ 1ರಂದು ಮತ್ತೆ ತೆರೆಯಿತು. ದೊಡ್ಡ ಕಂಪನಿಯ ಸಣ್ಣ ಅಂಗವಾದಾಗ ಆ ಅಂಗದ ಕಷ್ಟ ದೊಡ್ಡ ಕಂಪನಿಯ ಆಡಳಿತ ಮಂಡಳಿಯ ಮೇಜಿಗೆ ಬರುವುದು ಕೊನೆಯ ಸಾಲಿನಲ್ಲಿ.

ಹಾಗಾದರೆ ಗಾತ್ರದ ಲಾಭ ಪಡೆಯಲು ಬೇರೆ ದಾರಿಯಿಲ್ಲವೇ? ಅಡಕೆ ಬೆಳೆಗಾರರು ಅದಕ್ಕೆ ಅರ್ಧ ಶತಮಾನದ ಹಿಂದೆಯೇ ಒಂದು ದಾರಿ ಮಾಡಿಕೊಂಡಿದ್ದಾರೆ. ಅಡಕೆಯ ಬೆಲೆ ಕುಸಿದಿದ್ದ ಹೊತ್ತಿನಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಗಡಿಯ ಎರಡೂ ಕಡೆಯ ರೈತರ ಅಡಕೆ ಒಟ್ಟಾಗಿ ಉತ್ತರ ಭಾರತದ ಮಾರುಕಟ್ಟೆಗೆ ಹೋಗುತ್ತದೆ. ವಿಂಗಡಣೆ, ದಾಸ್ತಾನು, ಸಾಗಣೆ, ಚೌಕಾಸಿ ಎಲ್ಲವೂ ಒಂದೇ ಕಡೆ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟುವಷ್ಟು ಗಾತ್ರ ಬಂದದ್ದು ಹಾಗೆ. ಆದರೆ ತೋಟಗಳು ಒಂದಾಗಲಿಲ್ಲ, ಕೊಳ್ಳುವ ಕೇಂದ್ರಗಳು ಬದಿಯಡ್ಕದಂತಹ ಪೇಟೆಗಳಲ್ಲಿಯೇ ಉಳಿದವು. ಗಾತ್ರದಿಂದ ಲಾಭ ಬರುವ ಕೆಲಸಗಳನ್ನು ಕೂಡಿಸಿ, ಹತ್ತಿರವಿದ್ದರೆ ಮಾತ್ರ ನಡೆಯುವ ಕೆಲಸಗಳನ್ನು ಊರಲ್ಲೇ ಬಿಡುವ ಈ ವಿಂಗಡಣೆ ಬ್ಯಾಂಕಿನಲ್ಲಿಯೂ ಸಾಧ್ಯವಿತ್ತು. ತಂತ್ರಾಂಶ, ಖಜಾನೆ, ತರಬೇತಿ, ಖರೀದಿ ಇವನ್ನು ಹಲವು ಬ್ಯಾಂಕುಗಳು ಹಂಚಿಕೊಳ್ಳಲು ಹೆಸರುಗಳು ಅಳಿಯಬೇಕಾಗಿರಲಿಲ್ಲ. ಎಟಿಎಂಗಳನ್ನು ಎಲ್ಲ ಬ್ಯಾಂಕುಗಳೂ ಹಂಚಿಕೊಂಡೇ ಬಳಸುತ್ತಿಲ್ಲವೇ?

ಸಾರ್ವಜನಿಕ ವಲಯದ ಬ್ಯಾಂಕುಗಳ ಇನ್ನೊಂದು ಸುತ್ತಿನ ವಿಲೀನದ ಮಾತು ಆಗಾಗ ಕೇಳಿಬರುತ್ತಲೇ ಇದೆ. 2025ರ ಮೇ 1ರಂದು ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕ್’ ನೀತಿಯಡಿ ದೇಶದ ಗ್ರಾಮೀಣ ಬ್ಯಾಂಕುಗಳು 43ರಿಂದ 28ಕ್ಕೆ ಇಳಿದವು. ಕರ್ನಾಟಕದ ಎರಡೂ ಸೇರಿ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಒಂದಾದವು. ಮುಂದಿನ ಸುತ್ತಿಗೆ ಮೊದಲು ಕೇಳಬೇಕಾದ್ದು ಹೆಚ್ಚೇನಿಲ್ಲ. ಯಾವ ಶಾಖೆ ಮುಚ್ಚುತ್ತದೆ, ಅಲ್ಲಿಂದ ಮುಂದಿನ ಶಾಖೆಗೆ ಬಸ್ಸಿನ ದಾರಿ ಎಷ್ಟು, ಅಲ್ಲಿ ಯಾವ ಭಾಷೆಯ ಅರ್ಜಿ ಸಿಗುತ್ತದೆ ಎಂಬುದನ್ನು ಉಳಿತಾಯದ ಅಂಕಿಯ ಪಕ್ಕದ ಕಾಲಂನಲ್ಲಿ ಮೊದಲೇ ಬರೆದು ಪ್ರಕಟಿಸಬೇಕು. ಐದು ವರ್ಷಗಳ ಬಳಿಕ ಅದೇ ಕಾಗದವನ್ನು ತೆಗೆದು ಹೋಲಿಸಲು ಆಗ ಸಾಧ್ಯವಾಗುತ್ತದೆ.

ನಮ್ಮ ಪೇಟೆಯ ಕಟ್ಟಡದ ಯಜಮಾನರನ್ನು ಕಳೆದ ತಿಂಗಳು ಕಂಡಾಗ ಬ್ಯಾಂಕು ಹೋದದ್ದರಿಂದ ನಷ್ಟವಾಯಿತೇ ಎಂದು ಕೇಳಿದೆ. “ಬಾಡಿಗೆ ಹೋಯಿತು ಮಾರಾಯ್ರೆ, ಅದು ಇರಲಿ. ಈಗ ಅಡಕೆ ಮಾರಿದ ಚೆಕ್ಕು ಹಾಕಲಿಕ್ಕೆ ನಾನೇ ಒಂಬತ್ತು ಕಿಲೋಮೀಟರ್ ಹೋಗಬೇಕು” ಎಂದರು. ಆಮೇಲೆ ಬೀಗದ ಗೊಂಚಲು ತೆಗೆದು, ಆ ಕಬ್ಬಿಣದ ಬಾಗಿಲನ್ನು ಎರಡೂ ಕೈಗಳಿಂದ ಎಳೆದು ತೆರೆದು ತೋರಿಸಿದರು. ಒಳಗೆ ಗಾಳಿಯಾಡುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಅಡಕೆಗೆ ಬೂಸ್ಟು ಹಿಡಿಯುತ್ತದೆಂದು, ಒಂದು ಫ್ಯಾನು ಹಾಕಿಸಲು ಗೋಡೆ ಕೊರೆಯಬೇಕೆಂದರೆ ಕೆಲಸದವರು ಒಂದು ದಿನಕ್ಕೆ ಆಗದೆಂದು ಹೇಳಿ ಹೋದರೆಂದು ವಿವರಿಸಿದರು.